ನೆರವಿಯಿಂದ ನೆರವಿನೆಡೆಗೆ: ಊರುಕಾವಲಿನ ಪರಿಕಲ್ಪನೆ ಮತ್ತು ಮೂಡಿಗೆರೆ ಮಲೆನಾಡಿನ ಅನುಭವ

1. ಪ್ರಸ್ತಾವನೆ

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ದೇವರಮನೆಯಲ್ಲಿ, ಪಶ್ಚಿಮಘಟ್ಟದ ಹುಲ್ಲುಬೆಟ್ಟಗಳ ನಡುವೆ ಕಾಲಭೈರವೇಶ್ವರನ ಗುಡಿಯಿದೆ. ಶೈವ ಪರಂಪರೆಯಲ್ಲಿ ಭೈರವನು ಕ್ಷೇತ್ರಪಾಲಕ. ಕಾಶಿಯಲ್ಲಿ ಅವನನ್ನು ಆ ಪಟ್ಟಣದ ಕೊತ್ವಾಲನೆಂದೇ ಕರೆಯುವುದು ವಾಡಿಕೆ. ಕಿಕ್ಕಿರಿದ ಬೀದಿಗಳ ಪಟ್ಟಣವೊಂದನ್ನೂ ಮನೆಗೊಂದು ಗುಡ್ಡವೆಂಬಂತೆ ಚದುರಿಕೊಂಡಿರುವ ಮಲೆನಾಡಿನ ಸೀಮೆಯನ್ನೂ ಒಂದೇ ದೈವದ ಕಾವಲಿಗೆ ಒಪ್ಪಿಸಿರುವ ಈ ನಂಬಿಕೆಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಕಾವಲೆಂಬುದು ಗೋಡೆ, ಬಾಗಿಲು, ಬೀದಿದೀಪಗಳ ಪ್ರಶ್ನೆ ಮಾತ್ರವಲ್ಲ. ಒಂದು ಸೀಮೆಯಲ್ಲಿ ಬದುಕುವವರು ತಮ್ಮ ಭಯವನ್ನು ಯಾರ ಬಳಿ ಹೇಳಿಕೊಳ್ಳುತ್ತಾರೆ, ಹೇಳಿಕೊಂಡಾಗ ಯಾರು ಓಗೊಡುತ್ತಾರೆ ಎಂಬ ಪ್ರಶ್ನೆಯೂ ಹೌದು.

ನೆರೆಹೊರೆಯವರು ಒಟ್ಟುಗೂಡಿ ತಮ್ಮ ಕೇರಿ, ಬೀದಿ, ಬಡಾವಣೆಗಳ ಸುರಕ್ಷತೆಯನ್ನು ನೋಡಿಕೊಳ್ಳುವ ಕ್ರಮವನ್ನು ಇಂದು ಸಾಮಾನ್ಯವಾಗಿ ಆಧುನಿಕ ನಗರಜೀವನದ ಆವಿಷ್ಕಾರವೆಂದು ಭಾವಿಸಲಾಗುತ್ತದೆ. ಪೊಲೀಸ್ ಇಲಾಖೆಯ ನಾಗರಿಕ ಸಮಿತಿಗಳು, ಬಡಾವಣೆಗಳ ನಿವಾಸಿ ಸಂಘಗಳು, ಮೊಬೈಲ್ ಫೋನಿನ ಗುಂಪುಗಳು ಈ ಭಾವನೆಯನ್ನು ಬಲಪಡಿಸಿವೆ. ಆದರೆ ಕನ್ನಡದ ಶಾಸನಗಳು, ಪದಕೋಶ ಹಾಗೂ ಕಥನಸಾಹಿತ್ಯವನ್ನು ಪರಿಶೀಲಿಸಿದರೆ ಈ ವಿಷಯಕ್ಕೆ ಸಾವಿರ ವರ್ಷಗಳಿಗೂ ಮೀರಿದ ಚರಿತ್ರೆಯಿರುವುದು ಕಂಡುಬರುತ್ತದೆ. ಆ ಚರಿತ್ರೆಯಲ್ಲಿ ಹೆಮ್ಮೆಪಡಬೇಕಾದ ಪುಟಗಳಿರುವಂತೆಯೇ ಎಚ್ಚರಿಕೆಯಿಂದ ಓದಬೇಕಾದ ಪುಟಗಳೂ ಇವೆ. ಜನ ನೆರೆಯುವುದು ಎಂದು ನೆರವಾಗುತ್ತದೆ, ಎಂದು ಹಿಂಸೆಯಾಗುತ್ತದೆ ಎಂಬ ಪ್ರಶ್ನೆಯನ್ನು ಮುಂದಿರಿಸಿಕೊಂಡು ಈ ಚರಿತ್ರೆಯನ್ನು ಮೂಡಿಗೆರೆ ಸೀಮೆಯ ಇತ್ತೀಚಿನ ಅನುಭವದೊಂದಿಗೆ ಜೋಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

2. ಪದಗಳ ಸಾಕ್ಷ್ಯ

ಕನ್ನಡದಲ್ಲಿ ‘ನೆರೆ’ ಎಂಬುದು ನಾಮಪದವಾಗಿ ಪಕ್ಕದವರನ್ನು, ಪಕ್ಕದ ಸ್ಥಳವನ್ನು ಸೂಚಿಸುತ್ತದೆ. ಕ್ರಿಯಾಪದವಾಗಿ ಒಟ್ಟುಗೂಡುವುದನ್ನು, ತುಂಬಿಬರುವುದನ್ನು ಸೂಚಿಸುತ್ತದೆ. ಉಕ್ಕಿಬಂದ ಹೊಳೆಯ ನೀರಿಗೂ ‘ನೆರೆ’ ಎಂದೇ ಹೆಸರು. ಒಟ್ಟುಗೂಡಿದ ಜನ ‘ನೆರವಿ’. ಒಟ್ಟುಗೂಡಿ ಮಾಡುವ ಸಹಾಯ ‘ನೆರವು’. ಇವೆಲ್ಲವುಗಳ ವ್ಯುತ್ಪತ್ತಿಯ ಚರ್ಚೆಯನ್ನು ಬದಿಗಿರಿಸಿ ಬಳಕೆಯ ನೆಲೆಯಲ್ಲಿ ಮಾತ್ರ ನೋಡಿದರೂ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪಕ್ಕದ ಮನೆಯವನು, ಗುಂಪು, ಸಹಾಯ, ಪ್ರವಾಹ ಈ ನಾಲ್ಕು ಅರ್ಥಗಳು ಕನ್ನಡಿಗರ ಕಿವಿಯಲ್ಲಿ ಒಂದೇ ನಾದದಿಂದ ಕೇಳಿಸುತ್ತವೆ. ಜನ ಸೇರುವುದರಲ್ಲಿ ಆಸರೆಯೂ ಉಂಟು, ಕೊಚ್ಚಿಕೊಂಡು ಹೋಗುವ ಅಪಾಯವೂ ಉಂಟು.

ಎರಡನೆಯ ಪದಗುಚ್ಛ ‘ಕಾ’ ಧಾತುವಿಗೆ ಸಂಬಂಧಿಸಿದ್ದು. ಕಾಪು, ಕಾವಲು, ಕಾಯುವಿಕೆ, ಕಾಪಾಡು ಮೊದಲಾದವು ಈ ಗುಂಪಿನವು. ಕಾಯುವುದೆಂದರೆ ರಕ್ಷಿಸುವುದೂ ಹೌದು, ನಿರೀಕ್ಷಿಸುವುದೂ ಹೌದು. ದನ ಕಾಯುವುದು, ಗದ್ದೆ ಕಾಯುವುದು, ದಾರಿ ಕಾಯುವುದು ಎಂಬ ಪ್ರಯೋಗಗಳಲ್ಲಿ ಎಚ್ಚರ ಹಾಗೂ ತಾಳ್ಮೆಗಳೆರಡೂ ಬೆರೆತಿವೆ. ಚಿಕ್ಕಮಗಳೂರು ಜಿಲ್ಲೆಯ ಬಯಲುಸೀಮೆಯ ಭಾಗದಲ್ಲಿ, ಅಮೃತಮಹಲ್ ದನಗಳಿಗೆ ಹೆಸರಾದ ಅಜ್ಜಂಪುರ, ಬೀರೂರುಗಳ ಸುತ್ತ, ‘ಕಾವಲು’ ಎಂಬುದು ಮೀಸಲಿಟ್ಟ ಹುಲ್ಲುಗಾವಲಿನ ಹೆಸರೂ ಆಗಿದೆ. ಅಲ್ಲಿ ಕಾವಲೆಂದರೆ ಕಾಯುವ ಕೆಲಸ ಮಾತ್ರವಲ್ಲ, ಕಾಯಲ್ಪಡುವ ನೆಲವೂ ಹೌದು.

ಮೂರನೆಯದು ಗಸ್ತು, ಪಹರೆ, ಕೊತ್ವಾಲ, ಬೀಟ್ ಎಂಬ ಪದಗಳ ಸಾಲು. ಇವು ಪರ್ಷಿಯನ್, ಹಿಂದೂಸ್ಥಾನಿ, ಇಂಗ್ಲಿಷ್‌ಗಳ ಮೂಲಕ ಆಡಳಿತದ ಜೊತೆಯಲ್ಲಿ ಕನ್ನಡಕ್ಕೆ ಬಂದವು. ಸಂಬಳಕ್ಕೆ ಮಾಡುವ ಕಾವಲಿನ ಪದಗಳು ಬಹುಮಟ್ಟಿಗೆ ಎರವಲು. ನೆರೆಯವರು ಹಂಚಿಕೊಳ್ಳುವ ಕಾವಲಿನ ಪದಗಳಾದ ಕೂಗು, ಕರೆ, ನೆರವು, ಕಾಪು ಮೊದಲಾದವು ದೇಶ್ಯ. ಇದಕ್ಕೆ ಪ್ರಮುಖ ಅಪವಾದ ‘ತಳವಾರ’ ಎಂಬ ಪದ. ಅದರ ಚರ್ಚೆಯನ್ನು ಮುಂದೆ ಮಾಡಲಾಗಿದೆ.

3. ವೀರಗಲ್ಲುಗಳು: ಕೂಗು ಮತ್ತು ಓಗೊಡುವಿಕೆ

ಊರಿನ ಸುರಕ್ಷತೆಯ ಬಗ್ಗೆ ಕನ್ನಡದಲ್ಲಿ ದೊರೆಯುವ ಅತ್ಯಂತ ವಿಪುಲವಾದ ಪ್ರಾಚೀನ ಸಾಕ್ಷ್ಯವೆಂದರೆ ವೀರಗಲ್ಲುಗಳು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಹಾಗೂ ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ (1982) ಎಂಬ ಕೃತಿಗಳು ಈ ಸಾಮಗ್ರಿಯ ಅಧ್ಯಯನಕ್ಕೆ ಭದ್ರವಾದ ತಳಹದಿ ಹಾಕಿವೆ. ಈ ಅಧ್ಯಯನಗಳಲ್ಲಿ ವೀರನ ತ್ಯಾಗ, ಸ್ವಾಮಿನಿಷ್ಠೆ, ಸ್ವರ್ಗದ ಕಲ್ಪನೆಗಳಿಗೆ ಸಹಜವಾಗಿಯೇ ಒತ್ತು ದೊರೆತಿದೆ. ಊರುಕಾವಲಿನ ದೃಷ್ಟಿಯಿಂದ ಅವೇ ಕಲ್ಲುಗಳನ್ನು ಮತ್ತೊಮ್ಮೆ ಓದಲು ಅವಕಾಶವಿದೆ.

ವೀರಗಲ್ಲುಗಳಲ್ಲಿ ಮೂರು ಸಂದರ್ಭಗಳು ಮತ್ತೆ ಮತ್ತೆ ಬರುತ್ತವೆ: ತುಱುಗೊಳ್, ಊರೞಿವು ಮತ್ತು ಪೆಣ್ಬುಯ್ಯಲ್. ಈ ಮೂರನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿ ಹೇಳುವುದು ರೂಢಿ. ಆದರೆ ಪದರಚನೆಯಲ್ಲಿ ಇವು ಭಿನ್ನವಾಗಿವೆ. ತುಱುಗೊಳ್ ಎಂಬುದು ದನಗಳನ್ನು ಅಪಹರಿಸುವ ಕೃತ್ಯದ ಹೆಸರು. ಊರೞಿವು ಎಂಬುದು ಆ ಬಗೆಯ ದಾಳಿಯಿಂದಾದ ಹಾನಿಯ ಹೆಸರು. ಪೆಣ್ಬುಯ್ಯಲ್ ಎಂಬುದು ಕೃತ್ಯದ ಹೆಸರೂ ಅಲ್ಲ, ಹಾನಿಯ ಹೆಸರೂ ಅಲ್ಲ. ಪುಯ್ಯಲ್ ಎಂದರೆ ಮೊರೆ, ಕೂಗು. ಹೆಣ್ಣಿನ ಮೇಲಾದ ಆಕ್ರಮಣವನ್ನು ಶಾಸನದ ಭಾಷೆ ಅವಳ ಕೂಗಿನ ಹೆಸರಿನಿಂದಲೇ ಗುರುತಿಸಿತು. ಅಪರಾಧಿ ಏನು ಮಾಡಿದನೆಂಬುದಕ್ಕಿಂತ ನೊಂದವಳು ಕೂಗಿದಳೆಂಬುದು, ಆ ಕೂಗಿಗೆ ಯಾರೋ ಓಡಿಬಂದರೆಂಬುದು ಅಲ್ಲಿ ಮುಖ್ಯವಾಯಿತು.

ಈ ಪದದ ಮುಂದಿನ ಚರಿತ್ರೆ ಕುತೂಹಲಕರವಾಗಿದೆ. ಪುಯ್ಯಲ್ ಎಂಬುದು ಹುಯ್ಯಲ್, ಹುಯಿಲು ಎಂದು ಮಾರ್ಪಟ್ಟಿತು. ಹೊಸಗನ್ನಡದಲ್ಲಿ ‘ಹುಯಿಲೆಬ್ಬಿಸು’ ಎಂದರೆ ಗದ್ದಲ ಮಾಡು, ಇಲ್ಲದ ರಂಪ ಮಾಡು ಎಂಬ ಅರ್ಥಛಾಯೆಯೇ ಹೆಚ್ಚು. ನೆರವಿನ ಮೊರೆಯಾಗಿದ್ದ ಪದ ಗದ್ದಲದ ಹೆಸರಾದುದನ್ನು ಭಾಷಾಶಾಸ್ತ್ರದಲ್ಲಿ ಅರ್ಥಾಪಕರ್ಷವೆಂದು ಗುರುತಿಸಬಹುದು. ಸಾಮಾಜಿಕವಾಗಿ ನೋಡಿದರೆ, ಓಗೊಡುವವರಿಲ್ಲದಾಗ ಮೊರೆಯೇ ಗದ್ದಲವಾಗಿ ಕೇಳಿಸುತ್ತದೆಂಬ ಅನುಭವಕ್ಕೂ ಈ ಬದಲಾವಣೆ ಹೊಂದಿಕೊಳ್ಳುತ್ತದೆ. ಇಂದಿಗೂ ಬೀದಿಯಲ್ಲಿ ತೊಂದರೆಗೊಳಗಾದ ಹೆಣ್ಣುಮಗಳೊಬ್ಬಳು ದನಿಯೆತ್ತಿದರೆ ಅದನ್ನು ರಂಪವೆಂದು ಕರೆಯುವವರಿಗೆ ಕೊರತೆಯಿಲ್ಲ.

ಊರಿಗಾಗಿ ಮಡಿದವನ ಕುಟುಂಬಕ್ಕೆ ಭೂಮಿಯನ್ನು ಬಿಟ್ಟುಕೊಡುವ ನೆತ್ತರುಗೊಡಗೆಯ ಪದ್ಧತಿಯೂ ಇಲ್ಲಿ ಗಮನಾರ್ಹ. ವೀರನ ಕಲ್ಲನ್ನು ನಿಲ್ಲಿಸಿ ಸ್ಮರಣೆಯನ್ನು ಉಳಿಸುವುದು, ಅವನ ಅವಲಂಬಿತರಿಗೆ ಜೀವನಾಧಾರವನ್ನು ಕಲ್ಪಿಸುವುದು ಇವೆರಡೂ ಸೇರಿದಾಗ ಕಾವಲು ಒಬ್ಬನ ಸಾಹಸವಾಗಿ ಉಳಿಯದೆ ಊರಿನ ಸಾಲವಾಗುತ್ತಿತ್ತು. ಹೀಗೆ ವೀರಗಲ್ಲುಗಳಿಂದ ತಿಳಿದುಬರುವ ಊರುಕಾವಲಿಗೆ ಮೂರು ಅಂಗಗಳಿವೆ: ಕೇಳಿಸುವ ಕೂಗು, ಹೆಸರುಳ್ಳ ಕಾಯುವವನು, ಹಂಚಿಕೊಂಡ ಹೊಣೆ.

ಮೂಡಿಗೆರೆ ತಾಲ್ಲೂಕಿನ ಅಂಗಡಿಯು, ಅಂದರೆ ಹಿಂದಿನ ಸೊಸೆವೂರು, ಹೊಯ್ಸಳರ ಮೂಲನೆಲೆಯೆಂದು ಪ್ರಸಿದ್ಧವಾಗಿದೆ. ಮುನಿಯ ಮಾತಿನಂತೆ ಸಳನು ಹುಲಿಯನ್ನು ಹೊಡೆದನೆಂಬ ಐತಿಹ್ಯವು ಚಾರಿತ್ರಿಕ ಘಟನೆಯೇ ಅಲ್ಲವೇ ಎಂಬ ಚರ್ಚೆ ಬೇರೆ. ಒಂದು ರಾಜವಂಶವು ತನ್ನ ಆಳುವ ಹಕ್ಕನ್ನು ಕಾಡುಮೃಗದ ಬಾಯಿಂದ ಮನುಷ್ಯನನ್ನು ಉಳಿಸಿದ ಕತೆಯ ಮೇಲೆ ನಿಲ್ಲಿಸಿತು, ಅದನ್ನೇ ಲಾಂಛನವಾಗಿ ಕೆತ್ತಿಸಿತು ಎಂಬುದು ಈ ಸೀಮೆಯ ಮಟ್ಟಿಗೆ ಅರ್ಥಪೂರ್ಣವಾಗಿದೆ. ಆ ಕತೆಯಲ್ಲಿಯೂ ಮುನಿಯ ಕೂಗೊಂದಿದೆ, ಅದಕ್ಕೆ ಓಗೊಟ್ಟವನಿದ್ದಾನೆ.

4. ತಳವಾರ: ಹೊಣೆಯು ಹುದ್ದೆಯಾದುದು, ಹುದ್ದೆಯು ಹುಟ್ಟಾದುದು

ಊರಿನ ಎಲ್ಲರ ಹೊಣೆಯು ಕಾಲಕ್ರಮದಲ್ಲಿ ಕೆಲವರ ವೃತ್ತಿಯಾಯಿತು. ಶಾಸನಗಳ ತಳಾರ, ತಳವಾರ, ತಮಿಳಿನ ತಲೈಯಾರಿ, ತೆಲುಗಿನ ತಲಾರಿ ಎಂಬ ರೂಪಗಳು ಈ ಹುದ್ದೆ ದಕ್ಷಿಣ ಭಾರತದ ಉದ್ದಗಲಕ್ಕೂ ಹಬ್ಬಿದ್ದುದನ್ನು ತೋರಿಸುತ್ತವೆ. ಹಳೆಯ ಮೈಸೂರಿನ ಗ್ರಾಮವ್ಯವಸ್ಥೆಯಲ್ಲಿ ಪಟೇಲ, ಶಾನುಭೋಗರ ಜೊತೆಗೆ ತಳವಾರ, ತೋಟಿ, ನೀರುಗಂಟಿಗಳಿದ್ದರು. ಕಳ್ಳತನವಾದಾಗ ಹೆಜ್ಜೆಯ ಜಾಡು ಹಿಡಿದು ಊರಗಡಿಯವರೆಗೆ ಹೋಗುವುದು, ಊರಿಗೆ ಬಂದ ಹೊಸಬರ ಮೇಲೆ ಕಣ್ಣಿಡುವುದು, ರಾತ್ರಿ ಸುತ್ತು ಬರುವುದು ತಳವಾರನ ಕೆಲಸವಾಗಿತ್ತು. ಅದಕ್ಕೆ ಪ್ರತಿಯಾಗಿ ಇನಾಮು ಜಮೀನು ಅಥವಾ ಸುಗ್ಗಿಯ ಕಾಲದ ಆಯ ದೊರೆಯುತ್ತಿತ್ತು.

ಪಟ್ಟಣದಲ್ಲಿ ಇದೇ ವ್ಯವಸ್ಥೆ ದೊಡ್ಡ ಪ್ರಮಾಣದಲ್ಲಿತ್ತು. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್, ಅಲ್ಲಿನ ಕೊತ್ವಾಲನ ಅಧೀನದಲ್ಲಿ 12,000 ಕಾವಲುಗಾರರಿದ್ದರೆಂದು ಬರೆದಿದ್ದಾನೆ. ಏಳು ಕೋಟೆಗಳೊಳಗೆ ನಡೆದುದೆಲ್ಲವನ್ನೂ ಅವರು ತಿಳಿದಿರಬೇಕಾಗಿತ್ತು. ಕಳವಾದುದನ್ನು ಹುಡುಕಿಕೊಡದಿದ್ದರೆ ದಂಡ ತೆರಬೇಕಾಗಿತ್ತು. ಅವರ ಸಂಬಳಕ್ಕೆ ವೇಶ್ಯಾವಾಟಿಕೆಯ ತೆರಿಗೆಯನ್ನು ಬಳಸಲಾಗುತ್ತಿತ್ತೆಂದೂ ಅವನು ಹೇಳುತ್ತಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆಯಿರಬಹುದಾದರೂ ಕಾವಲಿನವನು ಉತ್ತರದಾಯಿಯಾಗಿದ್ದನೆಂಬ ತತ್ತ್ವ ಸ್ಪಷ್ಟವಾಗಿದೆ. ಹಾಗೆಯೇ, ಪಟ್ಟಣದ ನೆಮ್ಮದಿಯ ಬೆಲೆಯನ್ನು ಪಟ್ಟಣದ ಅತ್ಯಂತ ದುರ್ಬಲರಾದ ಹೆಣ್ಣುಗಳಿಂದ ವಸೂಲು ಮಾಡಲಾಗುತ್ತಿತ್ತೆಂಬುದೂ ಸ್ಪಷ್ಟವಾಗಿದೆ.

ಗ್ರಾಮಗಳಲ್ಲಿಯೂ ಇದಕ್ಕಿಂತ ಬಹಳ ಭಿನ್ನವಾದ ಸ್ಥಿತಿಯಿರಲಿಲ್ಲ. ತೋಟಿ, ತಳವಾರಿಕೆಗಳು ವಂಶಪಾರಂಪರ್ಯವಾಗಿ ಕೆಳಗಿನ ಸಮುದಾಯಗಳ ಪಾಲಿಗೆ ಬಂದವು. ಊರನ್ನು ರಾತ್ರಿಯಿಡೀ ಕಾಯುವವನು ಊರೊಳಗಿನ ಎಷ್ಟೋ ಮನೆಗಳ ಜಗಲಿಯನ್ನು ಹತ್ತುವಂತಿರಲಿಲ್ಲ. ಕಾವಲಿನ ಹೊಣೆ ಅವನದು, ಕಾವಲಿನ ಫಲ ಇತರರದು. ಕರ್ನಾಟಕ ಗ್ರಾಮಾಧಿಕಾರಗಳ ರದ್ದತಿ ಅಧಿನಿಯಮ (1961) ಈ ವಂಶಪಾರಂಪರ್ಯ ಹುದ್ದೆಗಳನ್ನು ಕಾನೂನಿನ ಮೂಲಕ ಕೊನೆಗೊಳಿಸಿತು. ಹುದ್ದೆಯ ಹೆಸರು ಸಮುದಾಯದ ಹೆಸರಾಗಿ ಉಳಿಯಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ತಿದ್ದುಪಡಿಯಿಂದ ಪರಿವಾರ ಮತ್ತು ತಳವಾರ ಎಂಬ ಹೆಸರುಗಳು ನಾಯಕ ಸಮುದಾಯದ ಪರ್ಯಾಯಗಳಾಗಿ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದವು.

ಹಳೆಯ ವ್ಯವಸ್ಥೆ ಹೋದ ಮೇಲೆ ಆ ಜಾಗವನ್ನು ತುಂಬುವ ಒಂದು ಪ್ರಯತ್ನ 1964ರ ಗ್ರಾಮರಕ್ಷಣಾ ದಳಗಳ ಅಧಿನಿಯಮ. ಹುಟ್ಟಿನಿಂದ ಬರುತ್ತಿದ್ದ ಹೊಣೆಯನ್ನು ಊರಿನವರು ಸ್ವ-ಇಚ್ಛೆಯಿಂದ ಹಂಚಿಕೊಳ್ಳಬೇಕೆಂಬ ಆಶಯ ಇದರ ಹಿಂದಿತ್ತು. ತಳವಾರಿಕೆಯಿಂದ ರಕ್ಷಣಾ ದಳಕ್ಕೆ ಬಂದ ಈ ಹಾದಿಯನ್ನು ಕೇವಲ ಆಡಳಿತದ ಸುಧಾರಣೆಯೆಂದು ನೋಡಿದರೆ ಸಾಲದು. ಕಾಯುವವರು ಮತ್ತು ಕಾಯಿಸಿಕೊಳ್ಳುವವರು ಒಂದೇ ಜನವಾಗಬೇಕೆಂಬ ಪ್ರಜಾಸತ್ತೆಯ ಆಶಯವೂ ಅದರಲ್ಲಿದೆ.

5. ನೆರವಿಯ ಇನ್ನೊಂದು ಮುಖ: ಗುಮಾನಿ ಮತ್ತು ವದಂತಿ

ಕಾಯುವ ಜನ ಒಟ್ಟಾದ ಮಾತ್ರಕ್ಕೆ ಸುರಕ್ಷತೆ ಸಿದ್ಧಿಸುವುದಿಲ್ಲ. ಇದಕ್ಕೆ ಕನ್ನಡ ನಾಡಿನ ಇತ್ತೀಚಿನ ಚರಿತ್ರೆಯೇ ಸಾಕ್ಷಿ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ಮೊಬೈಲ್ ಫೋನುಗಳ ಮೂಲಕ ಹಲವು ರಾಜ್ಯಗಳಲ್ಲಿ ಹಬ್ಬಿತು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಹಳೆಯ ಬಡಾವಣೆಯಾದ ಚಾಮರಾಜಪೇಟೆಯಲ್ಲಿ, ಹೊರರಾಜ್ಯದಿಂದ ಬಂದಿದ್ದ ಒಬ್ಬ ವ್ಯಕ್ತಿಯನ್ನು ಗುಂಪು ಹೊಡೆದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬ ಕಾರಣಕ್ಕೆ ಅನುಮಾನಕ್ಕೊಳಗಾದ ಪ್ರವಾಸಿಗರ ಕಾರನ್ನು ತಡೆಯಲಾಯಿತು. ಅವರಲ್ಲೊಬ್ಬ ಯುವಕ ಪ್ರಾಣ ಕಳೆದುಕೊಂಡ. ರಕ್ಷಣೆಗೆ ಧಾವಿಸಿದ ಪೊಲೀಸರೂ ಗಾಯಗೊಂಡರು.

ಈ ಘಟನೆಗಳಲ್ಲಿ ಪಾಲ್ಗೊಂಡವರಲ್ಲಿ ಹೆಚ್ಚಿನವರು ತಾವು ಊರನ್ನು ಕಾಯುತ್ತಿದ್ದೇವೆಂದೇ ನಂಬಿದ್ದರೆಂಬುದು ಗಾಬರಿ ಹುಟ್ಟಿಸುವ ಸಂಗತಿ. ವೀರಗಲ್ಲಿನ ಕಾಲದ ಮೂರು ಅಂಗಗಳನ್ನು ಇಲ್ಲಿಗೆ ಅನ್ವಯಿಸಿ ನೋಡಬಹುದು. ಇಲ್ಲಿ ಕೂಗಿದವರು ಯಾರೆಂಬುದು ಗೊತ್ತಿರಲಿಲ್ಲ, ಸಂದೇಶಕ್ಕೆ ಮೂಲವಿರಲಿಲ್ಲ. ಕಾಯಲು ಬಂದವರಿಗೆ ಹೆಸರಿರಲಿಲ್ಲ; ಗುಂಪಿನಲ್ಲಿ ಪ್ರತಿಯೊಬ್ಬನೂ ಅನಾಮಿಕನಾಗಿದ್ದ. ಹೊಣೆ ಹಂಚಿಕೆಯಾಗಲಿಲ್ಲ, ಹಂಚಿಕೆಯಾದದ್ದು ಹೊಡೆತ ಮಾತ್ರ. ನೆರವಿಯಿತ್ತು, ನೆರವಿರಲಿಲ್ಲ.

ವದಂತಿಯೆಲ್ಲವೂ ಹಿಂಸೆಯಲ್ಲಿ ಕೊನೆಗೊಳ್ಳಬೇಕಾಗಿಲ್ಲ ಎಂಬುದಕ್ಕೆ 1990ರ ದಶಕದ ‘ನಾಳೆ ಬಾ’ ಪ್ರಸಂಗ ಉದಾಹರಣೆ. ರಾತ್ರಿ ಹೊತ್ತು ದೆವ್ವವೊಂದು ಮನೆಯವರ ದನಿಯಲ್ಲಿ ಬಾಗಿಲ ಬಳಿ ಕರೆಯುತ್ತದೆಂಬ ಭಯ ಕರ್ನಾಟಕದ ಹಲವೆಡೆ ಹಬ್ಬಿದಾಗ ಜನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದರು. ಓದಲು ಬರುವ ದೆವ್ವವನ್ನು ಮಾತು ಕೊಟ್ಟು ಸಾಗಹಾಕುವ ಈ ಉಪಾಯದಲ್ಲಿ ಜನಪದರ ಹಾಸ್ಯಪ್ರಜ್ಞೆಯೂ ಇದೆ. ಅಲ್ಲಿ ಭಯಕ್ಕೆ ಬಲಿಯಾಗಿ ಯಾವ ಅಪರಿಚಿತನನ್ನೂ ಒಪ್ಪಿಸಲಿಲ್ಲ. ಭಯಕ್ಕೆ ಮನುಷ್ಯನ ಮುಖ ಅಂಟಿದಾಗ ಮಾತ್ರ ವದಂತಿ ಕೊಲೆಗಾರನಾಗುತ್ತದೆ.

ಗುಮಾನಿಯು ಒಂದು ಊರನ್ನು ಒಳಗಿನಿಂದ ಹೇಗೆ ತಿನ್ನುತ್ತದೆಂಬುದರ ಅತ್ಯುತ್ತಮ ಕಥನ ಮೂಡಿಗೆರೆಯಲ್ಲಿಯೇ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರದು. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಚಿದಂಬರ ರಹಸ್ಯ’ ಕಾದಂಬರಿಯ ಕೆಸರೂರು ಮಲೆನಾಡಿನ ಒಂದು ಸಣ್ಣ ಪೇಟೆ. ಏಲಕ್ಕಿ ಬೆಳೆಯ ಅವನತಿ, ವಿಜ್ಞಾನಿಯೊಬ್ಬನ ಸಾವು, ಅದರ ತನಿಖೆ, ಜಾತಿಮತಗಳ ಒಳಜಗಳ, ಕಂಡಕಂಡವರ ಬಗ್ಗೆ ಹುಟ್ಟುವ ಕಲ್ಪಿತ ಕತೆಗಳು ಇವೆಲ್ಲ ಅಲ್ಲಿ ಹೆಣೆದುಕೊಂಡಿವೆ. ಊರಿನವರು ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರುತ್ತಾರೆ. ಕೊನೆಗೆ ಊರನ್ನು ಆವರಿಸುವ ಬೆಂಕಿಯ ಕಡೆಗೆ ಮಾತ್ರ ಸಕಾಲದಲ್ಲಿ ಯಾರ ಕಣ್ಣೂ ಹೋಗುವುದಿಲ್ಲ. ಕಾದಂಬರಿಯನ್ನು ಪರಿಸರದ ದೃಷ್ಟಿಯಿಂದ, ರಾಜಕೀಯ ವಿಡಂಬನೆಯ ದೃಷ್ಟಿಯಿಂದ ಓದಿರುವ ವಿಮರ್ಶೆಗೆ ಈ ಓದನ್ನೂ ಸೇರಿಸಬಹುದು: ಕೆಸರೂರು ಕಣ್ಗಾವಲು ಹೆಚ್ಚಾಗಿ ಕಾವಲು ಇಲ್ಲವಾದ ಊರು.

6. ಮೂಡಿಗೆರೆಯ ಆನೆದಾರಿ: ಇಂದಿನ ಒಂದು ಪಾಠ

ತೇಜಸ್ವಿಯವರ ಕೆಸರೂರು ಕಲ್ಪಿತ. ಅದೇ ಸೀಮೆಯಲ್ಲಿ ಇಂದು ಊರುಕಾವಲಿನ ಪ್ರಶ್ನೆ ಕಾಡಾನೆಯ ರೂಪದಲ್ಲಿ ಎದುರಾಗಿದೆ. ಹಾಸನ ಜಿಲ್ಲೆಯ ಆಲೂರು, ಸಕಲೇಶಪುರ ತಾಲ್ಲೂಕುಗಳು, ಅವಕ್ಕೆ ಹೊಂದಿದ ಮೂಡಿಗೆರೆಯ ಕಾಫಿ ಸೀಮೆ ಆನೆಗಳ ನಿತ್ಯಸಂಚಾರದ ನೆಲೆಗಳಾಗಿವೆ. ನೆರಳಿನ ಮರಗಳಿರುವ ಕಾಫಿತೋಟ ಆನೆಗೆ ಹಗಲಿನ ಮರೆ. ಬದಿಯ ಗದ್ದೆ, ಬಾಳೆ, ಹಲಸುಗಳು ರಾತ್ರಿಯ ಮೇವು. ಅಪಾಯಕ್ಕೆ ಹೆಚ್ಚಾಗಿ ಸಿಲುಕುವವರು ಬೆಳಗಿನ ಮಂಜಿನಲ್ಲಿ ತೋಟಕ್ಕೆ ನಡೆದು ಹೋಗುವ ಕೂಲಿಕಾರ್ಮಿಕರು, ಸಂಜೆ ಒಂಟಿಯಾಗಿ ಮರಳುವ ಹೆಂಗಸರು, ಒಂಟಿಮನೆಗಳಲ್ಲಿರುವ ಸಣ್ಣ ಹಿಡುವಳಿದಾರರು.

2022ರ ನವೆಂಬರ್ ತಿಂಗಳಲ್ಲಿ ಮೂಡಿಗೆರೆ ತಾಲ್ಲೂಕಿನ ಹುಲ್ಲೇಮನೆ ಕುಂದೂರಿನಲ್ಲಿ ಆನೆಯ ದಾಳಿಗೆ ಮಹಿಳೆಯೊಬ್ಬರು ಬಲಿಯಾದರು. ನೆರೆದ ಜನರ ದುಃಖ ಆಕ್ರೋಶವಾಗಿ, ಸ್ಥಳಕ್ಕೆ ಬಂದ ಅಂದಿನ ಶಾಸಕರ ಮೇಲೆಯೇ ತಿರುಗಿತು. ಕೂಗಿಗೆ ಬಹುಕಾಲ ಓಗೊಡುವವರಿಲ್ಲದಿದ್ದಾಗ ಅದು ಹುಯಿಲಾಗುವ ಬಗೆಗೆ ಇದೊಂದು ನಿದರ್ಶನ. ಆ ವರ್ಷದ ಕೊನೆಗೆ ಸರ್ಕಾರವು ಚಿಕ್ಕಮಗಳೂರು, ಹಾಸನ, ಕೊಡಗು, ಮೈಸೂರು ಜಿಲ್ಲೆಗಳಿಗೆ ಆನೆ ಕಾರ್ಯಪಡೆಗಳನ್ನು ರಚಿಸಿತು.

ಈ ಕಾರ್ಯಪಡೆಗಳ ಕೆಲಸದಲ್ಲಿ ಆನೆಯನ್ನು ಓಡಿಸುವುದಕ್ಕಿಂತಲೂ ಅದು ಎಲ್ಲಿದೆಯೆಂಬುದನ್ನು ಸಕಾಲದಲ್ಲಿ ತಿಳಿಸುವುದಕ್ಕೆ ಹೆಚ್ಚಿನ ಮಹತ್ತ್ವವಿದೆ. ಈ ಕ್ರಮಕ್ಕೆ ಮೊದಲೇ ನಿದರ್ಶನಗಳಿದ್ದವು. ತಮಿಳುನಾಡಿನ ವಾಲ್ಪಾರೈ ಚಹಾತೋಟಗಳ ಸೀಮೆಯಲ್ಲಿ ಮೊಬೈಲ್ ಸಂದೇಶ, ಕೆಂಪುದೀಪ ಮತ್ತು ಸ್ಥಳೀಯ ದೂರದರ್ಶನ ವಾಹಿನಿಗಳ ಮೂಲಕ ಆನೆಗಳಿರುವ ಜಾಗವನ್ನು ತಿಳಿಸುವ ಪದ್ಧತಿಯನ್ನು ಪ್ರಕೃತಿ ಸಂರಕ್ಷಣಾ ಪ್ರತಿಷ್ಠಾನದ ಸಂಶೋಧಕರು ರೂಪಿಸಿದರು. 2010ರ ದಶಕದಲ್ಲಿಯೇ ಅದು ಅರಣ್ಯ ಇಲಾಖೆಯ ಸಹಯೋಗದಲ್ಲಿ ಹಾಸನ ಜಿಲ್ಲೆಗೂ ಬಂದಿತು. ಸಕಲೇಶಪುರ, ಆಲೂರು ಭಾಗದ ಕೂಡುರಸ್ತೆಗಳಲ್ಲಿ ಆನೆಗಳ ಇರವನ್ನು ತಿಳಿಸುವ ವಿದ್ಯುತ್ ಫಲಕಗಳು ಕಾಣಿಸಿಕೊಂಡವು. ಕೆಲವು ಆನೆಗಳಿಗೆ ಅಳವಡಿಸಿದ ರೇಡಿಯೋ ಕಾಲರ್, ಹೆಜ್ಜೆ ಹಿಡಿದು ಸಾಗುವ ಸಿಬ್ಬಂದಿ, ಊರಿನವರ ವಾಟ್ಸ್‌ಆ್ಯಪ್ ಗುಂಪು ಇವು ಸೇರಿ ಹಿಂದಿನ ತಳವಾರನ ಹೆಜ್ಜೆಜಾಡಿನ ವಿದ್ಯೆಗೆ ಹೊಸ ರೂಪ ಕೊಟ್ಟಿವೆ.

ಈ ವ್ಯವಸ್ಥೆಯು ಭಾಷೆಯ ಅಭ್ಯಾಸಿಗಳಿಗೆ ಮೂರು ಕಾರಣಗಳಿಂದ ಮುಖ್ಯವಾಗಿದೆ.

ಮೊದಲನೆಯದು ಹೆಸರಿಡುವ ಕ್ರಮ. ಈ ಸೀಮೆಗಳ ಜನರೂ ಸಿಬ್ಬಂದಿಯೂ ಆನೆಗಳಿಗೆ, ಆನೆಹಿಂಡುಗಳಿಗೆ ಹೆಸರಿಟ್ಟಿದ್ದಾರೆ: ಭುವನೇಶ್ವರಿ, ಬೀಟಮ್ಮ, ಭೀಮ. 2022ರಲ್ಲಿ ಸೆರೆಯಾದ ಸಲಗವೊಂದು ‘ಮೂಡಿಗೆರೆ ಭೈರ’ ಎಂದೇ ಹೆಸರಾಗಿತ್ತು. ಭೈರವನ ಸೀಮೆಯಲ್ಲಿ ಅಪಾಯಕ್ಕೂ ಭೈರನೆಂಬ ಹೆಸರೇ ದೊರೆತದ್ದು ವಿಶೇಷ. ಹೆಸರಿಟ್ಟ ಕೂಡಲೇ ‘ಆನೆ ಬಂತು’ ಎಂಬ ಸಾಮಾನ್ಯ ಭಯವು ಇಂಥ ಹಿಂಡು, ಇಂಥ ತೋಟದಲ್ಲಿ, ಇಂಥ ದಿಕ್ಕಿಗೆ ಮುಖ ಮಾಡಿದೆ ಎಂಬ ಮಾಹಿತಿಯಾಗುತ್ತದೆ. ‘ಯಾರೋ ಕಳ್ಳರು ಬಂದಿದ್ದಾರೆ’ ಎಂಬ ವದಂತಿಗೂ ಈ ಸಂದೇಶಕ್ಕೂ ಇರುವ ಅಂತರ ವ್ಯಾಕರಣದ ಮಟ್ಟದಲ್ಲಿಯೇ ಗೋಚರಿಸುತ್ತದೆ. ಒಂದರಲ್ಲಿ ಅನಿರ್ದಿಷ್ಟ ಸರ್ವನಾಮ, ಇನ್ನೊಂದರಲ್ಲಿ ಅಂಕಿತನಾಮ, ಸ್ಥಳ ಮತ್ತು ಕಾಲ.

ಎರಡನೆಯದು ಸಂದೇಶದ ವಾಕ್ಯರೂಪ. ವದಂತಿಯು ಸಾಮಾನ್ಯವಾಗಿ ‘ಹಿಡಿಯಿರಿ’, ‘ಎಲ್ಲರಿಗೂ ಕಳಿಸಿ’ ಎಂಬ ಆಜ್ಞೆಯಲ್ಲಿ ಮುಗಿಯುತ್ತದೆ. ಒಳ್ಳೆಯ ಎಚ್ಚರಿಕೆಯು ಸ್ಥಳವನ್ನು ತಿಳಿಸಿ, ಆ ದಾರಿಯಲ್ಲಿ ಹೋಗದಿರುವಂತೆ ಕೇಳಿಕೊಂಡು, ತಿಳಿಸಿದವರ ಗುರುತಿನೊಂದಿಗೆ ಮುಗಿಯುತ್ತದೆ. ಮೊದಲನೆಯದು ಜನರನ್ನು ಗುರಿಯತ್ತ ಸೇರಿಸುತ್ತದೆ. ಎರಡನೆಯದು ಅಪಾಯದಿಂದ ದೂರ ಸರಿಸುತ್ತದೆ.

ಮೂರನೆಯದು ಸಂದೇಶ ಯಾರನ್ನು ತಲುಪುತ್ತದೆಂಬುದು. ಕಾಫಿತೋಟಗಳ ಕೂಲಿಲೈನುಗಳಲ್ಲಿ ಇಂದು ಅಸ್ಸಾಂ ಮೊದಲಾದ ದೂರದ ರಾಜ್ಯಗಳಿಂದ ಬಂದ ಕಾರ್ಮಿಕರೂ ಇದ್ದಾರೆ. ಕನ್ನಡ ಅಕ್ಷರಗಳ ಸಂದೇಶ ಅವರಿಗೆ ತಲುಪುವುದಿಲ್ಲ. ಓದು ಬಾರದ ಸ್ಥಳೀಯ ಕಾರ್ಮಿಕರಿಗೂ ಅದು ಅಷ್ಟೇ ದೂರ. ತೋಟದ ಮಾಲೀಕನ ಫೋನಿಗೆ ಬಂದ ಎಚ್ಚರಿಕೆ ಬೆಳಗಿನ ಹಾಜರಿಯ ಮುನ್ನ ಲೈನಿನ ಬಾಗಿಲನ್ನು ತಟ್ಟದಿದ್ದರೆ, ಹಿಂದಿನ ತಳವಾರಿಕೆಯ ಅಸಮಾನತೆಯೇ ತಲೆಕೆಳಗಾಗಿ ಮರಳಿದಂತೆ: ಅಂದು ಕಾಯುವ ಹೊಣೆ ಬಡವನದಾಗಿತ್ತು, ಇಂದು ಕಾವಲಿನಿಂದ ಹೊರಗುಳಿಯುವವನು ಬಡವನಾಗುತ್ತಾನೆ. ಧ್ವನಿಸಂದೇಶ, ದೀಪದ ಸಂಕೇತ, ವಾಹನದ ಮೇಲಿನ ಘೋಷಣೆಗಳಿಗೆ ಮಹತ್ತ್ವ ಬರುವುದು ಈ ಕಾರಣದಿಂದ. ಮನೆಗಳು ದೂರದೂರವಿದ್ದ ಮಲೆನಾಡಿನಲ್ಲಿ ಗುಡ್ಡದಿಂದ ಗುಡ್ಡಕ್ಕೆ ಕೂಗು ಹಾಕಿ ಸುದ್ದಿ ಮುಟ್ಟಿಸುತ್ತಿದ್ದ ಪದ್ಧತಿಯಲ್ಲಿ ಅಕ್ಷರದ ಹಂಗಿರಲಿಲ್ಲ.

ಆನೆದಾಳಿಯಲ್ಲಿ ಮಡಿದವರ ಕುಟುಂಬಕ್ಕೆ ಸರ್ಕಾರ ಪರಿಹಾರಧನ ನೀಡುತ್ತದೆ. ಇದನ್ನು ನೆತ್ತರುಗೊಡಗೆಯೊಂದಿಗೆ ಹೋಲಿಸುವ ಆಸೆ ಸಹಜ. ಆದರೆ ಮುಖ್ಯವಾದ ಒಂದು ವ್ಯತ್ಯಾಸವಿದೆ. ನೆತ್ತರುಗೊಡಗೆ ಊರನ್ನು ಕಾಯಲು ಹೋಗಿ ಮಡಿದವನಿಗೆ ಸಲ್ಲುತ್ತಿತ್ತು. ಪರಿಹಾರಧನ ದಿನದ ಕೂಲಿಗೆ ಹೊರಟು ಮಡಿದವರ ಮನೆಗೆ ಸಲ್ಲುತ್ತದೆ. ಮೊದಲನೆಯವನಿಗೆ ಕಲ್ಲು ನಿಂತಿತು. ಎರಡನೆಯವರು ವರ್ಷದ ಅಂಕಿಅಂಶದಲ್ಲಿ ಒಂದು ಸಂಖ್ಯೆಯಾಗುತ್ತಾರೆ.

7. ಬೆಟ್ಟದಿಂದ ಪೇಟೆಗೆ

ಮಲೆನಾಡಿನ ಈ ಅನುಭವವನ್ನು ಪಟ್ಟಣದ ಬೀದಿಗಳಿಗೆ ಹೇಗೆ ಅನ್ವಯಿಸಬಹುದು? ಕರ್ನಾಟಕ ಪೊಲೀಸ್ ಇಲಾಖೆ 2017ರಲ್ಲಿ ಗಸ್ತಿನ ವ್ಯವಸ್ಥೆಯನ್ನು ಪುನಾರಚಿಸಿತು. ಠಾಣೆಯ ಸರಹದ್ದನ್ನು ಬೀಟುಗಳಾಗಿ ವಿ೦ಗಡಿಸಿ, ಒಂದೊಂದನ್ನು ಒಬ್ಬೊಬ್ಬ ಸಿಬ್ಬಂದಿಗೆ ವಹಿಸಿ, ಆಯಾ ಭಾಗದ ನಾಗರಿಕರ ಸಮಿತಿಗಳನ್ನು ಅದರೊಂದಿಗೆ ಜೋಡಿಸುವುದು ಅದರ ತಿರುಳು. 2025ರಲ್ಲಿ ಆರಂಭವಾದ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮದ ಆಶಯವೂ ಸಿಬ್ಬಂದಿ ನಿವಾಸಿಗಳ ಬಾಗಿಲಿಗೇ ಹೋಗಿ ಅವರ ಅಹವಾಲು ಕೇಳಬೇಕೆಂಬುದು. ಹೆಸರುಳ್ಳ ಕಾಯುವವನು ಮತ್ತು ಹಂಚಿಕೊಂಡ ಹೊಣೆ ಎಂಬ ಹಳೆಯ ಅಂಗಗಳನ್ನು ಹೊಸ ಆಡಳಿತ ಮರಳಿ ಹುಡುಕುತ್ತಿರುವುದು ಇಲ್ಲಿ ಕಾಣುತ್ತದೆ.

ಇಂಥ ಸಮಿತಿಗಳು ನೆರವಾಗಬೇಕಾದರೆ ಮೇಲಿನ ಚರ್ಚೆಯಿಂದ ನಾಲ್ಕು ಒರೆಗಲ್ಲುಗಳನ್ನು ಎತ್ತಿಕೊಳ್ಳಬಹುದು. ಮೊದಲನೆಯದಾಗಿ, ಕೂಗಿಗೆ ಮೂಲವಿರಬೇಕು. ಯಾರು ಕಂಡರು, ಎಲ್ಲಿ ಕಂಡರು, ಯಾವಾಗ ಕಂಡರು ಎಂಬುದಿಲ್ಲದ ಸುದ್ದಿಯನ್ನು ಮುಂದೆ ಕಳಿಸಬಾರದು. ಎರಡನೆಯದಾಗಿ, ಗಮನವು ವ್ಯಕ್ತಿಯ ಮುಖ, ಭಾಷೆ, ಉಡುಪುಗಳ ಮೇಲಿರದೆ ಸ್ಥಳ ಹಾಗೂ ಕೃತ್ಯಗಳ ಮೇಲಿರಬೇಕು. ಕೆಟ್ಟುಹೋದ ಬೀದಿದೀಪ, ಮುಚ್ಚಳವಿಲ್ಲದ ಚರಂಡಿ, ಬಸ್‌ನಿಲ್ದಾಣದ ಕತ್ತಲೆಯ ಮೂಲೆ ಇವು ಅಪರಿಚಿತರಿಗಿಂತ ಹೆಚ್ಚು ಸಲ ಅಪಾಯಕ್ಕೆ ಕಾರಣವಾಗುತ್ತವೆ. ಮೂರನೆಯದಾಗಿ, ಕಾಯಿಸಿಕೊಳ್ಳುವವರ ಪಟ್ಟಿಯಲ್ಲಿ ಬಾಡಿಗೆದಾರರು, ಬೀದಿವ್ಯಾಪಾರಿಗಳು, ಪೌರಕಾರ್ಮಿಕರು, ವಲಸೆ ಬಂದವರು ಸೇರಿರಬೇಕು. ಬೆಳಗಿನ ಜಾವ ಬೀದಿಯಲ್ಲಿ ಮೊದಲು ಇರುವವರು ಅವರೇ. ನಾಲ್ಕನೆಯದಾಗಿ, ಹಿಡಿದು ಶಿಕ್ಷಿಸುವ ಅಧಿಕಾರ ಗುಂಪಿಗೆ ಇಲ್ಲವೆಂಬ ತಿಳಿವಳಿಕೆ ಅಚಲವಾಗಿರಬೇಕು. ಓಗೊಡುವುದು ನೆರೆಯವರ ಕೆಲಸ, ತೀರ್ಪು ನ್ಯಾಯಾಲಯದ ಕೆಲಸ.

ಕಣ್ಗಾವಲು ಕ್ಯಾಮೆರಾಗಳು ಈ ನಾಲ್ಕಕ್ಕೂ ಪರ್ಯಾಯವಾಗಲಾರವು. ಕ್ಯಾಮೆರಾ ನೋಡುತ್ತದೆ, ದಾಖಲಿಸುತ್ತದೆ; ಕೂಗಿಗೆ ಬಾಗಿಲು ತೆರೆಯುವುದಿಲ್ಲ. ಕನ್ನಡದಲ್ಲಿ ‘ನೋಡು’ ಎಂಬುದಕ್ಕೂ ‘ನೋಡಿಕೊ’ ಎಂಬುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯ ವ್ಯತ್ಯಾಸ. ಬಡಾವಣೆಯೊಂದರಲ್ಲಿ ಎಷ್ಟು ಜನ ಒಬ್ಬರನ್ನೊಬ್ಬರು ನೋಡುತ್ತಾರೆಂಬುದಕ್ಕಿಂತ ಎಷ್ಟು ಜನ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆಂಬುದು ಅದರ ಸುರಕ್ಷತೆಯನ್ನು ನಿರ್ಧರಿಸುತ್ತದೆ.

8. ಸಮಾರೋಪ

ಒಟ್ಟಾರೆಯಾಗಿ, ಊರುಕಾವಲೆಂಬುದು ಕನ್ನಡ ಸಂಸ್ಕೃತಿಯಲ್ಲಿ ಒಂದು ಭಾಷಿಕ ವ್ಯವಹಾರವೂ ಆಗಿದೆ. ಅದು ಕೂಗಿನಿಂದ ಆರಂಭವಾಗಿ ಓಗೊಡುವಿಕೆಯಲ್ಲಿ ಪೂರ್ಣಗೊಳ್ಳುತ್ತದೆ. ವೀರಗಲ್ಲುಗಳ ಕಾಲದಲ್ಲಿ ಈ ವ್ಯವಹಾರಕ್ಕೆ ಹೆಸರು, ಹೊಣೆ, ಸ್ಮರಣೆಗಳಿದ್ದವು. ತಳವಾರಿಕೆಯ ಕಾಲದಲ್ಲಿ ಹೊಣೆ ಹುಟ್ಟಿಗೆ ಅಂಟಿಕೊಂಡು ಅಸಮಾನವಾಯಿತು. 2018ರ ವದಂತಿಗಳಲ್ಲಿ ಕೂಗು ಮೂಲವನ್ನು ಕಳೆದುಕೊಂಡು ಕೊಲೆಗೆ ಕಾರಣವಾಯಿತು. ಮೂಡಿಗೆರೆ, ಸಕಲೇಶಪುರಗಳ ಆನೆಸೀಮೆಯಲ್ಲಿ ಅಪಾಯಕ್ಕೆ ಹೆಸರಿಟ್ಟು, ಸ್ಥಳ ಗುರುತಿಸಿ, ಹೊತ್ತಿಗೆ ಮುಂಚೆ ತಿಳಿಸುವ ಭಾಷೆಯೊಂದು ರೂಪುಗೊಳ್ಳುತ್ತಿದೆ. ಆ ಭಾಷೆ ಎಲ್ಲರನ್ನೂ ತಲುಪುವಂತಾಗುವುದು ಇನ್ನೂ ಆಗಬೇಕಾದ ಕೆಲಸ.

ಈ ವಿಷಯದಲ್ಲಿ ಕನ್ನಡ ಅಧ್ಯಯನ ವಿಭಾಗಗಳಿಗೂ ಕೆಲಸವಿದೆ. ಎಚ್ಚರಿಕೆಯ ಸಂದೇಶಗಳ ಭಾಷೆ, ವದಂತಿಯ ವಾಕ್ಯರಚನೆ, ಮಲೆನಾಡಿನ ಕೂಗಿನ ಸಂಕೇತಗಳು, ಕಾವಲಿಗೆ ಸಂಬಂಧಿಸಿದ ಪ್ರಾದೇಶಿಕ ಪದಕೋಶ ಇವು ಕ್ಷೇತ್ರಕಾರ್ಯಕ್ಕೆ ಕಾದಿರುವ ವಸ್ತುಗಳು. ಈ ಪದಗಳನ್ನು ಬಲ್ಲ ಹಿರಿಯರು ಇನ್ನೂ ಇರುವಾಗಲೇ ಅವನ್ನು ಸಂಗ್ರಹಿಸುವುದು ಅಗತ್ಯ. ದೇವರಮನೆಯ ಭೈರವ ಬೆಟ್ಟದ ಮೇಲಿಂದ ಸೀಮೆಯನ್ನು ಕಾಯುತ್ತಾನೆಂಬ ನಂಬಿಕೆ ಜನರಿಗೆ ಧೈರ್ಯ ಕೊಟ್ಟಿದೆ. ಆ ಸೀಮೆಯ ಕಾರ್ಮಿಕಳೊಬ್ಬಳು ನಾಳೆ ಬೆಳಗ್ಗೆ ಮಂಜಿನಲ್ಲಿ ತೋಟಕ್ಕೆ ಹೊರಡುವ ಮುನ್ನ ಅವಳ ಬಾಗಿಲ ಬಳಿ ನಿಂತು, ಅವಳಿಗೆ ತಿಳಿಯುವ ಮಾತಿನಲ್ಲಿ, ಇವತ್ತು ಆ ದಾರಿ ಬೇಡವೆಂದು ಹೇಳುವ ಹೊಣೆ ಮಾತ್ರ ನೆರೆಯವರದೇ.